ಪುಟಿನ್ ಕಾಪಾಡಲು ಹೊರಟ ಭಾಷೆಗೆ ಏನಾಗುತ್ತಿದೆ?

2023ರ ನವೆಂಬರ್ 9. ಕಜಾಕಿಸ್ತಾನದ ರಾಜಧಾನಿ ಅಸ್ತಾನಾ. ರಷ್ಯಾದ ಅಧ್ಯಕ್ಷ ಪುಟಿನ್ ಭೇಟಿಗೆ ಬಂದಿದ್ದರು. ಕಜಾಕ್ ಅಧ್ಯಕ್ಷ ಕಾಸಿಮ್-ಜೊಮಾರ್ಟ್ ಟೊಕಾಯೆವ್ ಅತಿಥಿಗಳ ಮುಂದೆ ಮಾತು ಶುರು ಮಾಡಿದ್ದು ಕಜಾಕ್ ಭಾಷೆಯಲ್ಲಿ. ರಷ್ಯಾದ ನಿಯೋಗದವರು ಗಡಿಬಿಡಿಯಲ್ಲಿ ಇಯರ್‌ಫೋನ್ ಎತ್ತಿಕೊಂಡು ಕಿವಿಗೆ ಹಾಕಿಕೊಂಡರು. ಆ ವಿಡಿಯೊ ಮಧ್ಯ ಏಷ್ಯಾದ ಮೊಬೈಲುಗಳಲ್ಲಿ ಚೆನ್ನಾಗಿಯೇ ಓಡಾಡಿತು.

ಟೊಕಾಯೆವ್ ಅವರಿಗೆ ರಷ್ಯನ್ ಬರುವುದಿಲ್ಲ ಎಂದೇನಲ್ಲ. ಅವರು ಓದಿದ್ದೇ ಮಾಸ್ಕೋದಲ್ಲಿ. ಸೋವಿಯತ್ ವಿದೇಶಾಂಗ ಸೇವೆಯಲ್ಲಿದ್ದು ಬೀಜಿಂಗ್‌ನಲ್ಲಿ ಕೆಲಸ ಮಾಡಿದವರು. ಇನ್ನೂ ಮಜಾ ಅಂದರೆ, ರಷ್ಯನ್ ಭಾಷೆಗೆ ಒಂದು ಅಂತರರಾಷ್ಟ್ರೀಯ ಸಂಘಟನೆ ಬೇಕು ಎಂದು 2022ರ ಅಕ್ಟೋಬರ್‌ನಲ್ಲಿ ಸಲಹೆ ಕೊಟ್ಟವರೂ ಇವರೇ. ಅದನ್ನು ಹುಟ್ಟುಹಾಕುವ ಒಪ್ಪಂದಕ್ಕೆ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನಲ್ಲಿ ಸಹಿ ಬಿದ್ದದ್ದು 2023ರ ಅಕ್ಟೋಬರ್‌ನಲ್ಲಿ. ಇಯರ್‌ಫೋನ್ ಪ್ರಸಂಗಕ್ಕೆ ಬರೀ ಒಂದು ತಿಂಗಳು ಮುಂಚೆ.

ಇದು ಎಡಬಿಡಂಗಿ ನಡೆಯ ಹಾಗೆ ಕಾಣಬಹುದು. ನನಗೆ ಹಾಗನ್ನಿಸುವುದಿಲ್ಲ. ರಷ್ಯನ್ ನಮಗೆ ಬೇಕು, ಆದರೆ ಅದರ ಯಜಮಾನಿಕೆ ಪೂರ್ತಿ ಮಾಸ್ಕೋದ್ದೇ ಆಗುವುದು ಬೇಡ. ಟೊಕಾಯೆವ್ ಎರಡೂ ಸಲ ಹೇಳಿದ್ದು ಇದನ್ನೇ. ಅಮೆರಿಕದ ಹಿಡಿತ ಸಡಿಲವಾಗುತ್ತಿದೆ, ಬಹುಧ್ರುವ ಜಗತ್ತು ಬಂತು ಎಂದು ಮಾಸ್ಕೋ ದಿನಾ ಹೇಳುತ್ತಿದೆ. ಹಾಗಾದರೆ ರಷ್ಯನ್ ಭಾಷೆಯ ಕಾಲವೂ ಮತ್ತೆ ಬರಬೇಕಿತ್ತು, ಅಲ್ವಾ? ನಡೆಯುತ್ತಿರುವುದು ಬೇರೆಯೇ. ಯಾಕೆ ಎಂದು ತಿಳಿಯಬೇಕಾದರೆ ಈ ಯಜಮಾನಿಕೆಯ ಜಗಳವನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು.

ಪುಕ್ಕಟೆ ಸಿಕ್ಕ ಆಸ್ತಿ

1991ರ ಡಿಸೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ ಇಲ್ಲವಾಯಿತು. ಅದರ ಜಾಗದಲ್ಲಿ 15 ದೇಶಗಳು ಉಳಿದವು. ಅಣ್ವಸ್ತ್ರ ಯಾರಿಗೆ, ಕಪ್ಪು ಸಮುದ್ರದ ಹಡಗುಗಳು ಯಾರಿಗೆ, ವಿದೇಶಿ ಸಾಲ ತೀರಿಸುವವರು ಯಾರು ಎಂದು ವರ್ಷಗಟ್ಟಲೆ ಚೌಕಾಸಿ ನಡೆಯಿತು. ಭಾಷೆಯನ್ನು ಮಾತ್ರ ಹಂಚಿಕೊಳ್ಳುವ ಪ್ರಮೇಯವೇ ಬರಲಿಲ್ಲ. ತಾಷ್ಕೆಂಟಿನ ಎಂಜಿನಿಯರು, ರಿಗಾದ ನರ್ಸು, ಟಿಬಿಲಿಸಿಯ ವ್ಯಾಪಾರಿ ಒಂದೆಡೆ ಸೇರಿದರೆ ಮಾತಾಡಲು ಇದ್ದದ್ದು ರಷ್ಯನ್ ಒಂದೇ. ರಷ್ಯಾದ ಗಡಿಯ ಆಚೆ ಉಳಿದ ರಷ್ಯನ್ ಜನಾಂಗದವರೇ ಸುಮಾರು 2.5 ಕೋಟಿ ಇದ್ದರು.

ಇವತ್ತಿಗೂ ಈ ಭಾಷೆ ಸಣ್ಣದೇನಲ್ಲ. ತಾಯ್ನುಡಿಯಾಗಿಯೋ ಎರಡನೆಯ ಭಾಷೆಯಾಗಿಯೋ ರಷ್ಯನ್ ಬಲ್ಲವರು ಜಗತ್ತಿನಲ್ಲಿ ಸುಮಾರು 25 ಕೋಟಿ. ವಿಶ್ವಸಂಸ್ಥೆಯ ಆರು ಅಧಿಕೃತ ಭಾಷೆಗಳಲ್ಲಿ ಇದೂ ಒಂದು. ಶಾಂಘೈ ಸಹಕಾರ ಸಂಘಟನೆಗೆ ಅಧಿಕೃತ ಭಾಷೆಗಳು ಎರಡೇ, ಚೀನಿ ಮತ್ತು ರಷ್ಯನ್. 2017ರಲ್ಲಿ ಅದನ್ನು ಸೇರಿದ ಭಾರತವೂ ಅದಕ್ಕೆ ಒಪ್ಪಿಯೇ ಸೇರಿತು. ಸೋಯುಜ್ ನೌಕೆ ಹತ್ತುವ ಗಗನಯಾತ್ರಿ ಯಾವ ದೇಶದವರಾದರೂ ರಷ್ಯನ್ ಕಲಿಯಲೇಬೇಕು. 1984ರಲ್ಲಿ ಹಾರಿದ ರಾಕೇಶ್ ಶರ್ಮಾ ಕಲಿತಿದ್ದರು. ಗಗನಯಾನಕ್ಕೆಂದು ಇಸ್ರೊ ಕಳಿಸಿದ ನಾಲ್ವರು ವಾಯುಪಡೆಯ ಅಧಿಕಾರಿಗಳೂ ಮಾಸ್ಕೋ ಬಳಿಯ ಗಗಾರಿನ್ ಕೇಂದ್ರದಲ್ಲಿ ತರಬೇತಿ ಪಡೆಯುವಾಗ ಕಲಿತರು.

ಈ ಆಸ್ತಿ ಹೊಸ ರಷ್ಯಾಕ್ಕೆ ಪುಕ್ಕಟೆ ಸಿಕ್ಕಿತು ನಿಜ. ಆದರೆ ಅದನ್ನು ಕೂಡಿಸಿದ ಬಗೆ ಚೆಂದವೇನಲ್ಲ. 1876ರಲ್ಲಿ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರ್ ಉಕ್ರೇನಿಯನ್ ಭಾಷೆಯಲ್ಲಿ ಪುಸ್ತಕ ಅಚ್ಚು ಹಾಕುವುದಕ್ಕೇ ನಿಷೇಧ ಹೇರಿದ್ದ. ಇನ್ನು ಮಧ್ಯ ಏಷ್ಯಾದ ಕಥೆ ಕೇಳಿ. ಅಲ್ಲಿನ ಭಾಷೆಗಳನ್ನು ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದರು. 1920ರ ದಶಕದ ಕೊನೆಯಲ್ಲಿ ಸೋವಿಯತ್ ಸರ್ಕಾರ ಅದನ್ನು ತೆಗೆದು ಲ್ಯಾಟಿನ್ ಲಿಪಿ ತಂದಿತು. 1940ರ ಹೊತ್ತಿಗೆ ಅದನ್ನೂ ತೆಗೆದು ರಷ್ಯನ್ನಿನ ಸಿರಿಲಿಕ್ ಲಿಪಿ ಹೇರಿತು. ಒಂದೇ ಮನೆಯಲ್ಲಿ ಅಜ್ಜ ಬರೆದಿಟ್ಟ ಕಾಗದ ಮಗನಿಗೆ ಓದಲು ಬಾರದು, ಮಗ ಬರೆದದ್ದು ಮೊಮ್ಮಗನಿಗೆ ಬಾರದು. 1978ರಲ್ಲಿ ಜಾರ್ಜಿಯಾದ ಸಂವಿಧಾನದಿಂದ ಜಾರ್ಜಿಯನ್ನಿನ ಸ್ಥಾನ ಕಿತ್ತುಹಾಕಲು ಹೊರಟಾಗ ಟಿಬಿಲಿಸಿಯಲ್ಲಿ ಜನ ಬೀದಿಗಿಳಿದರು. ಸೋವಿಯತ್ ಕಾಲದಲ್ಲಿ ಅದು ಸಣ್ಣ ಧೈರ್ಯವಲ್ಲ. ಸರ್ಕಾರ ಕೊನೆಗೆ ಹಿಂದೆ ಸರಿಯಿತು.

ಇಷ್ಟೆಲ್ಲ ಆದ ಮೇಲೂ 1991ರ ನಂತರ ಜನ ರಷ್ಯನ್ನನ್ನು ಎತ್ತಿ ಬಿಸಾಡಲಿಲ್ಲ. ಬೇಕಾದ ಭಾಷೆ, ಬರುವ ಭಾಷೆ, ಇರಲಿ ಬಿಡಿ ಎಂದರು. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಎಂಬ ಬಾಲ್ಟಿಕ್ ದೇಶಗಳು ಬಿಟ್ಟರೆ ಉಳಿದ ಕಡೆ ಅದು ಮಾರುಕಟ್ಟೆ, ಆಸ್ಪತ್ರೆ, ವಿಶ್ವವಿದ್ಯಾಲಯಗಳಲ್ಲಿ ತನ್ನ ಪಾಡಿಗೆ ನಡೆದಿತ್ತು.

ಮಾತಾಡುವವರೆಲ್ಲ ನಮ್ಮವರು ಎಂದಾಗ

2007ರಲ್ಲಿ ಪುಟಿನ್ 'ರುಸ್ಕಿ ಮಿರ್' (ರಷ್ಯನ್ ಜಗತ್ತು) ಪ್ರತಿಷ್ಠಾನ ಸ್ಥಾಪಿಸಿದರು. ಮರುವರ್ಷ ರೊಸೊಟ್ರುಡ್ನಿಚೆಸ್ಟ್ವೊ ಎಂಬ, ನಮ್ಮ ನಾಲಿಗೆಗೆ ಸುಲಭಕ್ಕೆ ಹೊರಳದ ಹೆಸರಿನ ಸರ್ಕಾರಿ ಸಂಸ್ಥೆ ಬಂತು. ಹೊರದೇಶಗಳಲ್ಲಿ ರಷ್ಯನ್ ತರಗತಿ, ಗ್ರಂಥಾಲಯ, ಸಂಗೀತ ಕಛೇರಿ ನಡೆಸುವುದು ಇವುಗಳ ಕೆಲಸ. ಬ್ರಿಟಿಷ್ ಕೌನ್ಸಿಲ್, ಅಲಿಯಾನ್ಸ್ ಫ್ರಾನ್ಸೇಸ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ತಪ್ಪೇನಿಲ್ಲ. ತೊಂದರೆ ಶುರುವಾದದ್ದು ಇದರ ಜೊತೆಗೆ ಇನ್ನೊಂದು ವಾದ ಅಂಟಿಕೊಂಡಾಗ. ರಷ್ಯನ್ ಮಾತಾಡುವವರು ಎಲ್ಲೇ ಇರಲಿ, ಅವರು ನಮ್ಮವರು, ಅವರನ್ನು ಕಾಪಾಡುವ ಹಕ್ಕು ನಮಗಿದೆ ಎಂಬ ವಾದ.

ಉಕ್ರೇನ್ ನೋಡಿ. ಅಲ್ಲಿನ 2001ರ ಜನಗಣತಿಯಲ್ಲಿ 29.6% ಜನ ತಮ್ಮ ತಾಯ್ನುಡಿ ರಷ್ಯನ್ ಎಂದು ಬರೆಸಿದ್ದರು. ದಿನಬಳಕೆಯಲ್ಲಿ ಇದಕ್ಕಿಂತ ಜಾಸ್ತಿಯೇ ಇತ್ತು. 2012ರಲ್ಲಿ ಒಂದು ಕಾನೂನು ಬಂದು, 10%ಗಿಂತ ಹೆಚ್ಚು ಜನ ಆಡುವ ಭಾಷೆಗೆ ಆಯಾ ಪ್ರದೇಶದಲ್ಲಿ ಅಧಿಕೃತ ಮನ್ನಣೆ ಸಿಕ್ಕಿತು. 2014ರ ಫೆಬ್ರವರಿಯಲ್ಲಿ ಅಧ್ಯಕ್ಷ ಯಾನುಕೋವಿಚ್ ಓಡಿಹೋದ ಬೆನ್ನಲ್ಲೇ ಸಂಸತ್ತು ಆ ಕಾನೂನನ್ನು ರದ್ದು ಮಾಡಲು ಮತ ಹಾಕಿತು. ಅದು ಶುದ್ಧ ಅವಿವೇಕ. ಹಂಗಾಮಿ ಅಧ್ಯಕ್ಷರು ಅದಕ್ಕೆ ಸಹಿ ಹಾಕಲಿಲ್ಲ, ಹಾಗಾಗಿ ಕಾನೂನು ಇದ್ದಲ್ಲೇ ಇತ್ತು. ಆದರೆ ಮಾಸ್ಕೋಗೆ ಅಷ್ಟು ಸಾಕಾಯಿತು. ಮಾರ್ಚ್ ಮುಗಿಯುವ ಮುಂಚೆ ಕ್ರಿಮಿಯಾ ರಷ್ಯಾದ ಕೈಯಲ್ಲಿತ್ತು.

ಭಾಷೆ ನೋಡಿ ಗಡಿ ಎಳೆಯುವ ಮಾತು ನಮಗೇನು ಹೊಸದಲ್ಲ. 1956ರಲ್ಲಿ ನಮ್ಮ ರಾಜ್ಯ ಒಂದಾದದ್ದೇ ಹಾಗೆ. ಬೆಳಗಾವಿಯ ತಕರಾರು ಇವತ್ತಿಗೂ ಇದೆ. ಆದರೆ ಅಲ್ಲಿ ಗಡಿಯ ಎರಡೂ ಕಡೆ ಒಂದೇ ಸಂವಿಧಾನ, ಒಂದೇ ಸುಪ್ರೀಂ ಕೋರ್ಟ್. ಅದೇ ತರ್ಕವನ್ನು ಎರಡು ದೇಶಗಳ ನಡುವೆ, ಟ್ಯಾಂಕ್ ಜೊತೆ ತಂದರೆ ಕಥೆಯೇ ಬೇರೆ.

2022ರ ಫೆಬ್ರವರಿ 24ರಂದು ಪೂರ್ಣ ಯುದ್ಧ ಶುರುವಾಯಿತು. ಅದರ ಹಿಂದಿನ ರಾತ್ರಿ ಜೆಲೆನ್‌ಸ್ಕಿ ರಷ್ಯಾದ ಜನರನ್ನು ಉದ್ದೇಶಿಸಿ ಮಾತಾಡಿದರು. ಮಾತಾಡಿದ್ದು ರಷ್ಯನ್ನಿನಲ್ಲೇ. ಅವರು ಹುಟ್ಟಿ ಬೆಳೆದ ಕ್ರಿವಿಯ್ ರಿಹ್ ರಷ್ಯನ್ ಮಾತಾಡುವ ಕೈಗಾರಿಕಾ ಊರು. ಅವರ ಮನೆಮಾತೂ ಅದೇ. ಆಮೇಲೆ ಬಾಂಬು ಬಿದ್ದದ್ದು ಎಲ್ಲಿ? ಖಾರ್ಕಿವ್ ಮತ್ತು ಮರಿಯುಪೋಲ್ ಅತಿ ಹೆಚ್ಚು ಪೆಟ್ಟು ತಿಂದ ನಗರಗಳು. ಎರಡೂ ಕಡೆ ಬೀದಿಯಲ್ಲಿ ಕೇಳುತ್ತಿದ್ದದ್ದು ರಷ್ಯನ್ನೇ ಜಾಸ್ತಿ. ಖಾರ್ಕಿವ್ ಹೆಸರು ನಮಗೂ ಮರೆಯುವಂಥದ್ದಲ್ಲ. ಅಲ್ಲಿ ಎಂಬಿಬಿಎಸ್ ಓದುತ್ತಿದ್ದ ಹಾವೇರಿ ಜಿಲ್ಲೆಯ ಹುಡುಗ 2022ರ ಮಾರ್ಚ್ 1ರಂದು ದಿನಸಿ ತರಲು ಸಾಲಿನಲ್ಲಿ ನಿಂತಿದ್ದಾಗ ಶೆಲ್ ದಾಳಿಗೆ ಬಲಿಯಾದ. ಆ ಸಾಲಿನಲ್ಲಿದ್ದವರು ಮಾಸ್ಕೋ ಯಾರನ್ನು ಕಾಪಾಡುತ್ತೇನೆ ಎಂದಿತ್ತೋ ಆ ಊರಿನ ಜನ.

ಪರಿಣಾಮ ಊಹಿಸಿದ ಹಾಗೇ ಆಯಿತು. ಹುಟ್ಟಿದಾಗಿನಿಂದ ರಷ್ಯನ್ ಮಾತಾಡಿದವರು ಹಟ ಹಿಡಿದು ಉಕ್ರೇನಿಯನ್‌ಗೆ ಬದಲಾದರು. ಒಡೆಸ್ಸಾದಲ್ಲಿ ರಷ್ಯಾದ ಹಳೆಯ ರಾಣಿ ಕ್ಯಾಥರೀನಳ ಪ್ರತಿಮೆ ಇಳಿಸಿದರು. ಊರೂರಲ್ಲಿ ರಷ್ಯನ್ ಕವಿ ಪುಷ್ಕಿನ್ ಪ್ರತಿಮೆಗಳೂ ಇಳಿದವು. ಉಕ್ರೇನಿನ 2019ರ ಭಾಷಾ ಕಾನೂನು ಕಟ್ಟುನಿಟ್ಟಾದದ್ದು. ಅಂಗಡಿ, ಹೋಟೆಲಿನಲ್ಲಿ ಗಿರಾಕಿಯನ್ನು ಮೊದಲು ಉಕ್ರೇನಿಯನ್ನಿನಲ್ಲೇ ಮಾತಾಡಿಸಬೇಕು ಎಂಬ ನಿಯಮವೂ ಅದರಲ್ಲಿದೆ. ಅಲ್ಪಸಂಖ್ಯಾತ ಭಾಷೆಗಳ ವಿಚಾರದಲ್ಲಿ ಈ ಕಾನೂನು ಸಮತೋಲನ ತಪ್ಪಿದೆ ಎಂದು ಕಾನೂನು ಸಲಹೆ ಕೊಡುವ ಯುರೋಪಿನ ವೆನಿಸ್ ಆಯೋಗವೇ ಹೇಳಿತ್ತು. ಆ ಟೀಕೆ ನ್ಯಾಯವಾದದ್ದೇ. ಆದರೆ ಕಾನೂನಿನಿಂದ ಹತ್ತು ವರ್ಷದಲ್ಲಿ ಆಗದ ಬದಲಾವಣೆಯನ್ನು ಕ್ಷಿಪಣಿಗಳು ಒಂದೇ ವರ್ಷದಲ್ಲಿ ಮಾಡಿದವು. 2025ರ ಜೂನ್‌ನಲ್ಲಿ ಇಸ್ತಾಂಬುಲ್ ಮಾತುಕತೆಯಲ್ಲಿ ರಷ್ಯಾ ಕೊಟ್ಟ ಷರತ್ತುಗಳ ಪಟ್ಟಿಯಲ್ಲಿ ರಷ್ಯನ್ನಿಗೆ ಅಧಿಕೃತ ಸ್ಥಾನ ಕೊಡಬೇಕು ಎಂಬುದೂ ಇತ್ತು. ಯುದ್ಧಕ್ಕೆ ಮುಂಚೆ ಯಾರೂ ಕೇಳದೆಯೇ ಇದ್ದ ಜಾಗವನ್ನು ಈಗ ಒಪ್ಪಂದದ ಷರತ್ತಾಗಿ ಕೇಳುವ ಸ್ಥಿತಿ.

ಬಾಲ್ಟಿಕ್ ದೇಶಗಳ ಮಾತು ಸ್ವಲ್ಪ ಬೇರೆ. ಅಲ್ಲಿ ರಷ್ಯನ್ ಮೇಲಿನ ಸಿಟ್ಟು ಹಳೆಯದು. ರಷ್ಯನ್ನನ್ನು ಎರಡನೆಯ ಅಧಿಕೃತ ಭಾಷೆ ಮಾಡಬೇಕೇ ಎಂಬ ಪ್ರಶ್ನೆಗೆ ಲಾಟ್ವಿಯಾದ ಮತದಾರರಲ್ಲಿ ಮುಕ್ಕಾಲು ಪಾಲು ಜನ 2012ರಲ್ಲೇ ಬೇಡ ಎಂದಿದ್ದರು. 2023ರಿಂದ ಅಲ್ಲಿನ ಶಾಲೆಗಳು ಹಂತ ಹಂತವಾಗಿ ಪೂರ್ತಿ ಲಾಟ್ವಿಯನ್ ಮಾಧ್ಯಮಕ್ಕೆ ಬಂದವು. ಎಸ್ಟೋನಿಯಾವೂ 2024ರಲ್ಲಿ ಆ ದಾರಿ ಹಿಡಿಯಿತು.

ಎಸ್ಟೋನಿಯಾದ ನಾರ್ವಾ ಎಂಬ ಊರನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು. ಊರಿನ ಪಕ್ಕದಲ್ಲಿ ಹೊಳೆ. ಆಚೆ ದಡದಲ್ಲಿ ರಷ್ಯಾದ ಇವಾನ್‌ಗೊರೊಡ್. ಎರಡೂ ದಡದಲ್ಲಿ ಎದುರುಬದುರು ಎರಡು ಕೋಟೆ. ನಾರ್ವಾದ ಜನರಲ್ಲಿ ಬಹುಪಾಲು ಎಲ್ಲರ ಮನೆಮಾತೂ ರಷ್ಯನ್. 2023ರಿಂದ ಪ್ರತಿ ಮೇ 9ರ ವಿಜಯ ದಿನದಂದು ಇವಾನ್‌ಗೊರೊಡ್ ಕಡೆಯವರು ನಾರ್ವಾದವರಿಗೆ ಕಾಣುವ ಹಾಗೆ ದೊಡ್ಡ ಪರದೆ ಕಟ್ಟಿ ಹಾಡು, ಕುಣಿತ ಏರ್ಪಡಿಸುತ್ತಾರೆ. ನಾರ್ವಾ ಕೋಟೆಯ ಗೋಡೆಯ ಮೇಲೆ ಪುಟಿನ್ ಯುದ್ಧಾಪರಾಧಿ ಎಂಬ ದೊಡ್ಡ ಬ್ಯಾನರ್ ಇಳಿಬೀಳುತ್ತದೆ. ಊರಿನವರು ಹೊಳೆದಂಡೆಗೆ ಬಂದು ಎರಡನ್ನೂ ನೋಡುತ್ತಾರೆ. ಇವರೆಲ್ಲ ರಷ್ಯಾಕ್ಕೆ ಸೇರಬೇಕೆಂದು ಕಾಯುತ್ತಿದ್ದಾರೆ ಎಂದು ಮಾಸ್ಕೋ ಅಂದುಕೊಂಡರೆ ತಪ್ಪು. ಹಾಡು ಆಚೆ ದಡದ್ದು ಕೇಳುತ್ತಾರೆ, ಪೆನ್ಶನ್ ಯೂರೋದಲ್ಲಿ ಪಡೆಯುತ್ತಾರೆ.

ರಷ್ಯಾ ಹೋದಲ್ಲೆಲ್ಲ ರಷ್ಯನ್ ಹೋಗುತ್ತದೆಯೇ?

ಆಫ್ರಿಕಾದಲ್ಲಿ ರಷ್ಯಾದ ಪ್ರಭಾವ ಬೆಳೆಯುತ್ತಿದೆ. ಮಾಲಿ, ಬುರ್ಕಿನಾ ಫಾಸೊ, ನೈಜರ್‌ಗಳಲ್ಲಿ ಫ್ರೆಂಚ್ ಸೈನಿಕರು ಗಂಟುಮೂಟೆ ಕಟ್ಟಿದರು, ರಷ್ಯನ್ನರು ಬಂದರು. ಫ್ರೆಂಚ್ ಭಾಷೆಯನ್ನೂ ಈ ದೇಶಗಳು ಕೆಳಗಿಳಿಸಿವೆ. ಮಾಲಿಯ 2023ರ ಸಂವಿಧಾನದಲ್ಲಿ ಫ್ರೆಂಚ್ ಬರೀ ಕೆಲಸದ ಭಾಷೆ. ಬುರ್ಕಿನಾ ಫಾಸೊ ಕೂಡ ಹಾಗೇ ಮಾಡಿತು. ನೈಜರ್ 2025ರಲ್ಲಿ ಹೌಸಾವನ್ನು ರಾಷ್ಟ್ರಭಾಷೆ ಎಂದಿತು. ಇದನ್ನು ಓದಿ ಇಲ್ಲಿ ಕೆಲವರು ಫ್ರೆಂಚ್ ಹೋಗಿ ರಷ್ಯನ್ ಬರುತ್ತಿದೆ ಎಂದು ಬರೆದರು. ಸರಿಯಾಗಿ ನೋಡಿ. ಫ್ರೆಂಚ್ ಖಾಲಿ ಮಾಡಿದ ಕುರ್ಚಿಯಲ್ಲಿ ಕೂತದ್ದು ಬಂಬಾರಾ, ಮೂರೆ, ಹೌಸಾದಂಥ ನೆಲದ ಭಾಷೆಗಳು. ರಷ್ಯನ್ ತರಗತಿಗಳು ಹೆಚ್ಚಾಗಿವೆ, ವಿದ್ಯಾರ್ಥಿವೇತನಗಳೂ ಇವೆ. ಆದರೆ ಆಫ್ರಿಕಾದವರ ಮನಸ್ಸು ಗೆಲ್ಲಲು ರಷ್ಯಾದ ಸರ್ಕಾರಿ ಟಿವಿ ಆರ್‌ಟಿ ಬಳಸುವುದು ಫ್ರೆಂಚ್, ಇಂಗ್ಲಿಷ್, ಅರಬ್ಬಿಯನ್ನು. ಲ್ಯಾಟಿನ್ ಅಮೆರಿಕದಲ್ಲಿ ಸ್ಪ್ಯಾನಿಷ್. 2025ರ ಡಿಸೆಂಬರ್‌ನಲ್ಲಿ ಪುಟಿನ್ ದೆಹಲಿಗೆ ಬಂದಾಗ ಶುರುವಾದ ಆರ್‌ಟಿ ಇಂಡಿಯಾ ಚಾನೆಲ್ಲೂ ಇಂಗ್ಲಿಷಿನದೇ.

ಸೋವಿಯತ್ ಕಾಲದಲ್ಲೂ ಹೀಗೇ ಇತ್ತು. ನವಕರ್ನಾಟಕದ ಅಂಗಡಿಯಲ್ಲಿ ಅಗ್ಗದ ಬೆಲೆಗೆ ಸೋವಿಯತ್ ಪುಸ್ತಕ ಕೊಂಡವರಿಗೆ ಗೊತ್ತು. ಮಾಸ್ಕೋ ನಮ್ಮನ್ನು ತಲುಪಿದ್ದು ಕನ್ನಡದ ಮೂಲಕ, ಇಂಗ್ಲಿಷಿನ ಮೂಲಕ. ಭಾರತ–ಸೋವಿಯತ್ ಸ್ನೇಹ ಉತ್ತುಂಗದಲ್ಲಿದ್ದಾಗಲೂ ನಮ್ಮ ಮಧ್ಯಮವರ್ಗದವರು ಮಕ್ಕಳನ್ನು ಸೇರಿಸಿದ್ದು ಇಂಗ್ಲಿಷ್ ಮೀಡಿಯಂಗೆ. ಮಿಗ್ ಬಂತು, ಸುಖೋಯ್ ಬಂತು, ಕಾರವಾರಕ್ಕೆ ವಿಕ್ರಮಾದಿತ್ಯ ಬಂತು. ಭಾಷೆ ಬರಲಿಲ್ಲ. ಒಂದು ದೇಶದ ಆಯುಧ ಕೊಳ್ಳುವವರು ಅದರ ಭಾಷೆಯನ್ನೂ ಕಲಿಯುತ್ತಾರೆ ಎಂಬ ನಂಬಿಕೆಗೆ ಭಾರತವೇ ಒಳ್ಳೆಯ ಉತ್ತರ.

ಈಗ ರಷ್ಯಾದ ಅತಿ ದೊಡ್ಡ ಗೆಳೆಯ ಚೀನಾ. ಅಲ್ಲೂ ಭಾಷೆಯ ಹರಿವು ತಿರುಗುತ್ತಿದೆ. ರಷ್ಯಾದ ಶಾಲಾ ಅಂತಿಮ ಪರೀಕ್ಷೆಯಲ್ಲಿ 2019ರಿಂದ ಚೀನಿ ಭಾಷೆಯನ್ನೂ ಆಯ್ದುಕೊಳ್ಳಬಹುದು. ಬ್ರಿಕ್ಸ್ ಸಭೆಗಳ ಕಾಗದಪತ್ರ ಓಡಾಡುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಪಶ್ಚಿಮಕ್ಕೆ ಸೆಡ್ಡು ಹೊಡೆಯುವ ಕೂಟದ ಮಾತು ಪಶ್ಚಿಮದ ಭಾಷೆಯಲ್ಲೇ! ಹೊಸ ವ್ಯವಸ್ಥೆ ಎಂದರೆ ಒಬ್ಬ ಯಜಮಾನನ ಜಾಗಕ್ಕೆ ಇನ್ನೊಬ್ಬ ಬರುವುದು ಎಂದು ಮಾಸ್ಕೋ ಲೆಕ್ಕ ಹಾಕಿತ್ತೇನೋ. ಮಾಲಿಯವರು, ಕಜಾಕರು ಅದನ್ನು ಬೇರೆ ಥರ ಓದಿಕೊಂಡಿದ್ದಾರೆ. ಯಜಮಾನರೇ ಬೇಡ ಎನ್ನುವುದು ಅವರ ಓದು.

ರಷ್ಯಾದ ಒಳಗೂ ಒಮ್ಮೆ ಇಣುಕಬೇಕು. ಹೊರಗಿನ ರಷ್ಯನ್ ಭಾಷಿಕರ ಹಕ್ಕಿಗೆ ಅಷ್ಟು ಮಿಡಿಯುವ ಸರ್ಕಾರ 2018ರಲ್ಲಿ ತನ್ನದೇ ಗಣರಾಜ್ಯಗಳ ಶಾಲೆಗಳಲ್ಲಿ ಟಾಟರ್, ಬಶ್ಕಿರ್‌ನಂಥ ಭಾಷೆಗಳ ಕಲಿಕೆಯನ್ನು ಐಚ್ಛಿಕ ಮಾಡಿತು. ಟಾಟರ್ ಭಾಷೆಯನ್ನು ಲ್ಯಾಟಿನ್ ಲಿಪಿಯಲ್ಲಿ ಬರೆಯುವ ಪ್ರಯತ್ನಕ್ಕೆ 2002ರಲ್ಲೇ ಕಾನೂನಿನ ಬೀಗ ಬಿದ್ದಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಇಝೆವ್ಸ್ಕ್ ನಗರದಲ್ಲಿ ಆಲ್ಬರ್ಟ್ ರಾಜಿನ್ ಎಂಬ ಉಡ್ಮುರ್ಟ್ ವಿದ್ವಾಂಸರು ತಮ್ಮ ಭಾಷೆ ಸಾಯುತ್ತಿದೆ ಎಂದು ಪ್ರತಿಭಟಿಸಿ ಸ್ಥಳೀಯ ಸಂಸತ್ ಭವನದ ಎದುರು ಬೆಂಕಿ ಹಚ್ಚಿಕೊಂಡು ಪ್ರಾಣ ಬಿಟ್ಟರು. ನೆರೆಯ ದೇಶಗಳು ಇದನ್ನೆಲ್ಲ ನೋಡುತ್ತಲೇ ಇವೆ.

ಹೊಟ್ಟೆಪಾಡಿನ ಭಾಷೆ

ಹಾಗಾದರೆ ರಷ್ಯನ್ ಮುಗಿಯಿತೇ? ಇಲ್ಲ. ಮುಗಿಯುತ್ತಿರುವುದು ಅದರ ಮೇಲಿನ ಮಾಸ್ಕೋದ ಏಕಸ್ವಾಮ್ಯ. 2022ರ ನಂತರ ದೇಶ ಬಿಟ್ಟ ರಷ್ಯನ್ನರು ಟಿಬಿಲಿಸಿ, ಯೆರೆವಾನ್, ಅಲ್ಮಾಟಿ, ಬೆಲ್‌ಗ್ರೇಡ್‌ಗಳಲ್ಲಿ ಕಚೇರಿ, ಕೆಫೆ ತೆರೆದರು. ಕ್ರೆಮ್ಲಿನ್ನಿಗೆ ಕಣ್ಣಲ್ಲಿ ಬಿದ್ದ ಕಸದಂತಿರುವ ಮೆಡೂಜಾ ಸುದ್ದಿತಾಣ ನಡೆಯುವುದು ಲಾಟ್ವಿಯಾದ ರಿಗಾದಿಂದ, ಬರೆಯುವುದು ರಷ್ಯನ್ನಿನಲ್ಲಿ. ಭಾಷೆಗೆ ಒಡೆಯರು ಜಾಸ್ತಿಯಾದಷ್ಟೂ ಅದರ ಬಾಳಿಕೆ ಹೆಚ್ಚುತ್ತದೆ ಎಂದೇ ನಾನು ನಂಬಿದ್ದೇನೆ. ಆದರೆ ಈ ವಲಸೆಗಾರರ ಸಂಖ್ಯೆ ದೊಡ್ಡದಲ್ಲ. ರಷ್ಯನ್ನಿನ ಮುಂದಿನ ದಾರಿ ನಿರ್ಧಾರವಾಗುವುದು ಮಧ್ಯ ಏಷ್ಯಾದಲ್ಲಿ.

ಕಜಾಕಿಸ್ತಾನದಲ್ಲಿ 1989ರಲ್ಲಿ ಕಜಾಕರು 40%ರಷ್ಟು, ರಷ್ಯನ್ನರು ಸುಮಾರು 38% ಇದ್ದರು. ಈಗ ಕಜಾಕರು 70%, ರಷ್ಯನ್ನರು 15%ರ ಆಸುಪಾಸು. ಲಿಪಿ ಬದಲಿಸುವ ಕೆಲಸ ಮಾತ್ರ ಕುಂಟುತ್ತಿದೆ. 2017ರಲ್ಲಿ ಆಗಿನ ಅಧ್ಯಕ್ಷ ನಜರ್‌ಬಾಯೆವ್ ಪ್ರಕಟಿಸಿದ ಲ್ಯಾಟಿನ್ ಅಕ್ಷರಮಾಲೆಯ ತುಂಬ ಅಪಾಸ್ಟ್ರಫಿಗಳೇ ಇದ್ದವು. ಜನ ನಕ್ಕರು. ಮರುವರ್ಷ ಅದನ್ನು ತಿದ್ದಿದರು. 2021ರಲ್ಲಿ ಮತ್ತೆ ತಿದ್ದಿದರು. ಟೊಕಾಯೆವ್ ಅವಸರ ಬೇಡ ಎನ್ನುತ್ತಾರೆ. ಏಳು ಸಾವಿರ ಕಿಲೋಮೀಟರ್‌ಗಿಂತ ಉದ್ದದ ಗಡಿಯ ಆಚೆ ರಷ್ಯಾ ಇರುವಾಗ ಅವಸರ ಮಾಡದಿರುವುದೂ ಜಾಣತನವೇ. ಕಿರ್ಗಿಸ್ತಾನ ಇನ್ನೊಂದು ದಾರಿ ಹಿಡಿದಿದೆ. ರಷ್ಯನ್ ಅಲ್ಲಿ ಈಗಲೂ ಅಧಿಕೃತ ಭಾಷೆ, ಆದರೆ 2023ರ ಕಾನೂನಿನ ಪ್ರಕಾರ ಸರ್ಕಾರಿ ಹುದ್ದೆಯಲ್ಲಿರುವವರಿಗೆ ಕಿರ್ಗಿಜ್ ಬರಲೇಬೇಕು. ಅಲ್ಲಿ ಮೆಡಿಕಲ್ ಓದುವ ನಮ್ಮ ಹುಡುಗರು ಇದನ್ನು ಗಮನಿಸಬೇಕು. ಪಾಠ ಇಂಗ್ಲಿಷಿನಲ್ಲಿ ನಡೆದರೂ ವಾರ್ಡಿನಲ್ಲಿ ಮಲಗಿದ ರೋಗಿ ಇಂಗ್ಲಿಷಿನಲ್ಲಿ ನೋವು ಹೇಳಿಕೊಳ್ಳುವುದಿಲ್ಲ.

ಭಾಷೆ ಬಾರದೆ ರಷ್ಯಾಕ್ಕೆ ಹೋದರೆ ಏನಾಗಬಹುದು ಎಂಬುದನ್ನು ಕಲಬುರಗಿ ಕಡೆಯ ಕೆಲವು ಮನೆಯವರು 2024ರಲ್ಲಿ ಕಂಡರು. ಸೆಕ್ಯುರಿಟಿ ಕೆಲಸ ಎಂದು ಏಜೆಂಟರು ಕರೆದೊಯ್ದ ಯುವಕರು ಓದಲು ಬಾರದ ರಷ್ಯನ್ ಕಾಗದಕ್ಕೆ ಸಹಿ ಹಾಕಿ, ಯುದ್ಧದ ನೆಲದಲ್ಲಿ ನಿಂತಿದ್ದರು.

ಇನ್ನು ತಜಿಕಿಸ್ತಾನ. ಅಲ್ಲಿನ ಲಕ್ಷಾಂತರ ಗಂಡಸರು ರಷ್ಯಾದಲ್ಲಿ ಗಾರೆ ಕೆಲಸ, ಟ್ಯಾಕ್ಸಿ, ಕಸ ಗುಡಿಸುವ ಕೆಲಸ ಮಾಡುತ್ತಾರೆ. ಅವರು ಕಳಿಸುವ ಹಣ ಹಲವು ವರ್ಷ ದೇಶದ ಜಿಡಿಪಿಯ ಮೂರನೆಯ ಒಂದು ಭಾಗವನ್ನೂ ಮೀರಿದೆ. ಕೆಲಸದ ಪರವಾನಗಿ ಬೇಕೆಂದರೆ 2015ರಿಂದ ರಷ್ಯನ್ ಭಾಷೆ, ಇತಿಹಾಸ, ಕಾನೂನಿನ ಪರೀಕ್ಷೆ ಪಾಸಾಗಬೇಕು. ಮಾಸ್ಕೋದಲ್ಲಿ ದುಡಿಯುವವರು ಇದಕ್ಕಾಗಿ ಊರಾಚೆಯ ಸಖಾರೊವೊ ಕೇಂದ್ರಕ್ಕೆ ಹೋಗಿ ಸಾಲು ನಿಲ್ಲುತ್ತಾರೆ. ಬೆರಳಚ್ಚು, ರಕ್ತಪರೀಕ್ಷೆ, ಆಮೇಲೆ ಭಾಷಾ ಪರೀಕ್ಷೆ. ಮಧ್ಯ ಏಷ್ಯಾದ ಹಳ್ಳಿಗಳಲ್ಲಿ ರಷ್ಯನ್ ಟ್ಯೂಷನ್‌ಗೆ ಬೇಡಿಕೆ ಇರುವುದು ಪುಷ್ಕಿನ್ ಕವಿತೆ ಓದಲಿಕ್ಕಲ್ಲ, ಈ ಸಾಲಿಗಾಗಿ.

ರಷ್ಯನ್ನಿಗೆ ಇವತ್ತು ನಿಜವಾದ ಬಲ ಇದೇ. ಇದನ್ನೂ ಮಾಸ್ಕೋ ಹೇಗೆ ನಡೆಸಿಕೊಳ್ಳುತ್ತಿದೆ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ರಷ್ಯಾ ತನ್ನ ದುಡ್ಡಿನಲ್ಲಿ ತಜಿಕಿಸ್ತಾನದ ಐದು ನಗರಗಳಲ್ಲಿ ರಷ್ಯನ್ ಮಾಧ್ಯಮದ ಶಾಲೆಗಳನ್ನು ತೆರೆಯಿತು. 2024ರ ಮಾರ್ಚ್‌ನಲ್ಲಿ ಮಾಸ್ಕೋ ಬಳಿಯ ಕ್ರೋಕಸ್ ಸಭಾಂಗಣದ ಮೇಲೆ ಉಗ್ರರ ದಾಳಿ ನಡೆಯಿತು. ದಾಳಿ ಮಾಡಿದವರು ತಜಿಕಿಸ್ತಾನದವರು. ಅಲ್ಲಿಂದಾಚೆ ವಲಸಿಗರ ಮೇಲೆ ಬಿಗಿ ಹೆಚ್ಚಾಯಿತು. ಅದೇ ಡಿಸೆಂಬರ್‌ನಲ್ಲಿ ಬಂದ ಕಾನೂನಿನಂತೆ, 2025ರ ಏಪ್ರಿಲ್‌ನಿಂದ ರಷ್ಯನ್ ಬಾರದ ವಲಸಿಗರ ಮಕ್ಕಳಿಗೆ ರಷ್ಯಾದ ಶಾಲೆಗಳಲ್ಲಿ ಪ್ರವೇಶವಿಲ್ಲ. ತಜಿಕಿಸ್ತಾನದ ರಾಜಧಾನಿ ದುಶಾಂಬೆಯ ಮಗುವಿಗೆ ಮನೆಬಾಗಿಲಿಗೆ ಹೋಗಿ ರಷ್ಯನ್ ಕಲಿಸುವ ಸರ್ಕಾರವೇ, ಅದೇ ಮಗು ಅಪ್ಪನ ಜೊತೆ ಮಾಸ್ಕೋಗೆ ಬಂದರೆ ಮೊದಲು ಭಾಷೆ ಕಲಿತು ಬಾ ಎಂದು ಗೇಟಿನಿಂದ ವಾಪಸ್ ಕಳಿಸುತ್ತದೆ.

ದುಡಿಯುವವರು ಬೇರೆ ಬಾಗಿಲು ತಟ್ಟುವುದಂತೂ ಶುರುವಾಗಿದೆ. ಉಜ್ಬೇಕಿಸ್ತಾನದಿಂದ ದಕ್ಷಿಣ ಕೊರಿಯಾಕ್ಕೆ ಕೆಲಸಗಾರರನ್ನು ಕಳಿಸುವ ಸರ್ಕಾರಿ ಒಪ್ಪಂದ ಹಲವು ವರ್ಷಗಳಿಂದ ಇದೆ. ಅದಕ್ಕೆ ಕೊರಿಯನ್ ಭಾಷಾ ಪರೀಕ್ಷೆ ಕಡ್ಡಾಯ. ಸಂಬಳ ರಷ್ಯಾದಲ್ಲಿ ಸಿಗುವುದಕ್ಕಿಂತ ಎಷ್ಟೋ ಜಾಸ್ತಿ. ಕೊರಿಯಾ ತೆಗೆದುಕೊಳ್ಳುವ ಜನ ರಷ್ಯಾಕ್ಕೆ ಹೋಗುವವರ ಮುಂದೆ ಏನೇನೂ ಅಲ್ಲ, ಹಾಗಾಗಿ ಸದ್ಯಕ್ಕೆ ರಷ್ಯನ್ನಿನ ಜಾಗಕ್ಕೆ ಕುತ್ತಿಲ್ಲ. ಆದರೆ ತಾಷ್ಕೆಂಟಿನ ಇಪ್ಪತ್ತು ವರ್ಷದ ಹುಡುಗ ಈಗ ಯಾವ ಭಾಷೆಯ ಟ್ಯೂಷನ್‌ಗೆ ದುಡ್ಡು ಹಾಕಲಿ ಎಂದು ಕೂತು ಲೆಕ್ಕ ಹಾಕುತ್ತಾನೆ. ಅವನ ಅಪ್ಪನಿಗೆ ಆ ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ.